ನಿಂತವಳು

ನಾಮಪತ್ರದಲ್ಲಿ ಒಂದು ಖಾಲಿ ಜಾಗ: ವೃತ್ತಿ.
ಲೊರೆಟಾ ಪೆನ್ನಿನ ತುದಿ ಕಚ್ಚಿದಳು,
ಗುಮಾಸ್ತೆ ಗಡಿಯಾರ ನೋಡಿದಳು.
"ನಿಲ್ಲುವುದು ಅಂತ ಬರೆಯಲೇನೋ?" ಎಂದು ನನ್ನ ಕೇಳಿದಳು.
ಮೂವತ್ತು ವರ್ಷದಿಂದ ಅದೇ ತಾನೆ ಕೆಲಸ,
ಬ್ರೆಡ್ಡಿನ ಸಾಲಿನಲ್ಲಿ, ಭತ್ಯೆಯ ಕಿಟಕಿಯ ಮುಂದೆ,
ದಂತವೈದ್ಯರ ಬಾಗಿಲಲ್ಲಿ, ನೋಯುವ ಹಲ್ಲು ತಾನಾಗೇ ಉದುರುವ ತನಕ.
ಈಗ ಚುನಾವಣೆಗೆ.
ಕಾಲು ಅವೇ.

ಠೇವಣಿ ನೂರು ಡಾಲರು.
ಕಾಫಿ ಡಬ್ಬದಿಂದ ಮೇಜಿನ ಮೇಲೆ ಸುರಿದೆವು.
ಎರಡು ಸಲ ಎಣಿಸಿ ಗುಮಾಸ್ತೆ
ಒಂದನ್ನು ಮಾತ್ರ ಬೆರಳಲ್ಲಿ ಹಿಂದಕ್ಕೆ ತಳ್ಳಿದಳು:
ಅದು ನಾಣ್ಯವಲ್ಲ, ಬಟ್ಟೆ ಒಗೆಯುವ ಯಂತ್ರದ ಟೋಕನ್ನು.
ನಾನು ಜೇಬು ತಡಕಿದೆ.
ಕಾಲು ಡಾಲರಿನಲ್ಲಿ ಪ್ರಜಾಪ್ರಭುತ್ವ ಉಳಿಸಿದವನು ನಾನೇ ಎಂದು
ಆಮೇಲೆ ಬಾರ್ಟನ್ ರಸ್ತೆಯುದ್ದಕ್ಕೂ ಹೇಳಿಕೊಂಡು ತಿರುಗಿದೆ.

ಎದುರಾಳಿ ಟ್ರೆಡ್‌ವೆಲ್‌ನ ಫಲಕಗಳಲ್ಲಿ ಪೂರ್ತಿ ಮೂವತ್ತೆರಡು ಹಲ್ಲು.
ನಮ್ಮವು ಪಿಜ್ಜಾ ಪೆಟ್ಟಿಗೆಯ ಬೆನ್ನು.
ಅಕ್ಟೋಬರದ ಮಳೆಗೆ ಅವಳ ಹೆಸರಿನ ನಡುವೆ
ಎಣ್ಣೆಯ ಕಲೆ ಮೇಲೆದ್ದು ಬಂತು, ಇನ್ನೊಂದು ಅಕ್ಷರದ ಹಾಗೆ.

ಹದಿನಾಲ್ಕು ಮಹಡಿ. ಲಿಫ್ಟು ಜೂನ್‌ನಿಂದ ಸತ್ತಿದೆ.
ಪ್ರತಿ ತಿರುವಿನಲ್ಲೂ ಲೊರೆಟಾ ತನ್ನ ಮಂಡಿಗಳನ್ನು
ತಪ್ಪು ಮಾಡಿದ ಮಕ್ಕಳನ್ನೆಂಬಂತೆ ಬೈದಳು.
ಹನ್ನೊಂದರಲ್ಲಿ ಹೋದನ್ ವರ್ಸಮೆ ಏಲಕ್ಕಿ ಚಹಾ ಕೊಟ್ಟು ಕೇಳಿದಳು:
"ಗೆದ್ದರೆ ಲಿಫ್ಟು ಸರಿ ಮಾಡಿಸ್ತೀಯಾ?"
"ಇಲ್ಲ. ಗೆದ್ದರೆ ನಗರಸಭೆಯನ್ನ ಇಲ್ಲಿಗೇ ಕರೀತೀನಿ.
ನಿನ್ನ ಅಡುಗೆಮನೆಗೆ. ಹತ್ತಿ ಬರಲಿ."
ಹೋದನ್ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು.
ಆಮೇಲೆ ಒಳಗೆ ಹೋಗಿ ತನ್ನ ಬೂದು ಕೋಟು ತಂದಳು:
"ಇದನ್ನು ಹಾಕ್ಕೊ. ಆ ಜಾಕೀಟಿನಲ್ಲಿ ನಿನ್ನ ಯಾರು ನಂಬ್ತಾರೆ?"

ಚರ್ಚಿನ ಹಾಲಿನಲ್ಲಿ ಚರ್ಚೆ.
ಬಡತನಕ್ಕೆ ಟ್ರೆಡ್‌ವೆಲ್ ಬಳಿ ಏಳು ಅಂಶಗಳಿದ್ದವು, ಒಂದು ನಕ್ಷೆಯೂ.
ಲೊರೆಟಾ ಎದ್ದಳು. ಬಾಯಿಪಾಠ ಮಾಡಿದ್ದೆಲ್ಲ ಮರೆತು
"ತೊಂಬತ್ತೆಂಟರಲ್ಲಿ ನಾನು ಚೀಸ್ ಕದ್ದಿದ್ದೆ" ಎಂದಳು.
ನಾನು ಕಣ್ಣು ಮುಚ್ಚಿಕೊಂಡೆ.
"ಕಿತ್ತಳೆ ಬಣ್ಣದ್ದು. ಮಗಳಿಗೆ. ಅವಳಿಗದು ಹಿಡಿಸಲಿಲ್ಲ."
ಮರುದಿನ ಪತ್ರಿಕೆಯ ಮೂರನೇ ಪುಟ: ಅಭ್ಯರ್ಥಿಯ ಕಳ್ಳತನ.
ಮುಗಿಯಿತು ಅಂದುಕೊಂಡೆ. ಆದರೆ ಅಂದಿನಿಂದ
ಬಾಗಿಲ ಸಂದಿಯ ಸರಪಳಿಯ ಹಿಂದಿನಿಂದ ಒಂದು ಕಣ್ಣು ಕೇಳುತ್ತಿತ್ತು,
"ಚೀಸ್‌ನವಳಾ?"
ಸರಪಳಿ ಕಳಚುತ್ತಿತ್ತು.

ಮತದ ದಿನ ಎಮೆಟ್ ಬಂದ, ಟೋಪಿ ಕೈಯಲ್ಲಿ ಹಿಡಿದು.
ವಿಳಾಸ? ಸೇತುವೆ ಕೆಳಗೆ, ಎರಡನೇ ಕಂಬ.
ಅಧಿಕಾರಿ ನಿಯಮದ ಪುಸ್ತಕ ಎರಡು ಸಲ ಓದಿದ,
ಕನ್ನಡಕ ಒರೆಸಿದ, ಮತಪತ್ರ ಕೊಟ್ಟ.
ಯಾರಿಗೆ ಹಾಕಿದನೋ ಎಮೆಟ್ ಇವತ್ತಿಗೂ ಹೇಳಿಲ್ಲ.
ಗುಪ್ತ ಮತದಾನ ಅಂತಾನೆ, ಎದೆ ಉಬ್ಬಿಸಿ.
ಗುಟ್ಟು ಇಟ್ಟುಕೊಳ್ಳಲು
ಬಾಗಿಲಿಲ್ಲದವನಿಗೂ ಒಂದು ಜಾಗ ಸಿಕ್ಕಿದ ಹಾಗೆ.

ಮೂರನೆಯವಳಾದಳು. ಸಾವಿರದ ನೂರ ನಲವತ್ತು.
ಟ್ರೆಡ್‌ವೆಲ್‌ಗೆ ಅದರ ಎರಡೂವರೆ ಪಟ್ಟು.
ಸಾಲದು, ಎಂದಿತು ರೇಡಿಯೊ.
ನಮಗೆ ಗೊತ್ತಿದ್ದ ಪದವೇ.

ಬೆಳಿಗ್ಗೆ ಏಳಕ್ಕೆ ಉಕ್ಕಿನ ಕಾರ್ಖಾನೆಯ ಹೊಗೆ ಸರೋವರದ ಕಡೆ ಬಾಗಿತ್ತು.
ಲೊರೆಟಾ ಬ್ರೆಡ್ಡಿನ ಸಾಲಿನಲ್ಲಿದ್ದಳು.
ಬಡಿಸಲಿಕ್ಕಲ್ಲ. ತಗೊಳ್ಳಲಿಕ್ಕೆ.
ಯಾರೋ "ಮುಂದೆ ಹೋಗಮ್ಮ" ಅಂದರು.
ಅವಳು ಜಾಗ ಬಿಡಲಿಲ್ಲ.

ಮಧ್ಯಾಹ್ನ ಆ ಟೋಕನ್ನು ಹಾಕಿ ಹೋದನ್‌ಳ ಕೋಟು ಒಗೆದೆವು.
ಜೇಬಿನಲ್ಲಿ ಒಂದು ಕರಪತ್ರ ಉಳಿದದ್ದು ಇಬ್ಬರಿಗೂ ನೆನಪಿರಲಿಲ್ಲ.
ಹೊರಬಂದಾಗ ಬೂದು ಉಣ್ಣೆಯ ತುಂಬ ಬಿಳಿ ಚೂರು,
ಒಂದರಲ್ಲಿ ಅರ್ಧ ಲ, ಒಂದರಲ್ಲಿ ವಾರ್ಡಿನ ಬಾಲ.
ಒಗೆಯುವ ಮನೆಯ ಬೆಂಚಿನ ಮೇಲೆ ಕೋಟು ಹರಡಿಕೊಂಡು ಕೂತೆವು.
ಊರು ಆರಿಸಲಿಲ್ಲ ಅವಳನ್ನು.
ನಾವು ಒಂದೊಂದೇ ಚೂರು ಆರಿಸಿದೆವು,
ಕೋಟು ಆರುವ ತನಕ.