ಕಂಗಾಸ್ ಮನೆಯ ಸ್ಪ್ರಿಂಗು

ಮೈನಸ್ ಮೂವತ್ತೊಂದು. ಥಂಡರ್ ಬೇ ಊರಲ್ಲಿ
ಇಂಥ ಬೆಳಗಿಗೆ ಕಬ್ಬಿಣಕ್ಕೂ ಬದುಕು ಸಾಕಾಗುತ್ತದೆ.
ಎಂಟರೊಳಗೆ ಆರು ಫೋನು. ಎಲ್ಲರದೂ ಒಂದೇ ಮಾತು:
ಗುಂಡು ಹಾರಿದ ಹಾಗೆ ಸದ್ದಾಯಿತು,
ಆಮೇಲೆ ಗರಾಜಿನ ಬಾಗಿಲು ಏಳಲಿಲ್ಲ.

ಮೂರನೆಯದು ವೈನೋ ಕಂಗಾಸನ ಮನೆ.
ಮೂವತ್ತು ವರ್ಷ ಬಂದರಿನ ಕಣಜದಲ್ಲಿ
ಗೋಧಿಯ ತೂಕ ಬರೆದವನು.
ನನ್ನನ್ನೂ ತೂಗಿದ, ಟೋಪಿಯಿಂದ ಬೂಟಿನವರೆಗೆ:
“ಗಂಡಸರು ಯಾರೂ ಸಿಗಲಿಲ್ಲವಾ?”
“ಇದ್ದಾನೆ ಒಬ್ಬ. ಎಂಟೇ ಬೆರಳು. ಕರೆಸಲಾ?”
ದಾರಿ ಬಿಟ್ಟ.

ಬಾಗಿಲ ನೆತ್ತಿಯ ದಂಡಕ್ಕೆ ಸುತ್ತಿದ ಜೋಡಿ ಸ್ಪ್ರಿಂಗು.
ಎಡಗಡೆಯದು ನಡುವೆ ತುಂಡಾಗಿ
ಎರಡು ಬೆರಳಗಲ ಬಾಯಿ ಬಿಟ್ಟಿತ್ತು.

ಸ್ಪ್ರಿಂಗು ಬಿಗಿಯುವುದು ಕಲಿಯಬಹುದು.
ಬೆಲೆ ಹೇಳುವುದು ನನಗಿನ್ನೂ ಬಂದಿಲ್ಲ.
ನೆಲ ನೋಡುತ್ತಾ ಒಪ್ಪಿಸಿದೆ:
ಜೋಡಿಗೆ ನೂರ ತೊಂಬತ್ತು,
ಕೂಲಿ ನೂರ ನಲವತ್ತು,
ಈ ಚಳಿಯಲ್ಲಿ ಬಂದಿದ್ದಕ್ಕೆ ಎಂಬತ್ತೈದು,
ಸರ್ಕಾರಕ್ಕೆ ಐವತ್ನಾಲ್ಕು, ಐದು ಸೆಂಟು ಕಮ್ಮಿ.
“ಮುರಿದದ್ದು ಒಂದು. ಎರಡರ ದುಡ್ಡು ಯಾಕೆ?”
“ಒಂದೇ ದಿನ ಹಾಕಿದ್ದು. ಅಷ್ಟೇ ಭಾರ ಹೊತ್ತದ್ದು.
ಮಾರ್ಚಿಗೆ ಅದೂ ಹೋಗುತ್ತೆ. ಮತ್ತೆ ಎಂಬತ್ತೈದು.”
ತೂಕದ ಮನುಷ್ಯ. ಲೆಕ್ಕಕ್ಕೆ ತಲೆ ಆಡಿಸಿದ.

ಆಗ ಕಂಡದ್ದು, ಒಳಗೆ ಕಾರೇ ಇಲ್ಲ.
ಮಡಚುವ ಕುರ್ಚಿ ಒಂದು, ಮೀನಿನ ಗಾಳ,
ನೆಲದಲ್ಲಿ ಒಣಗಿ ಹೋದ ಆಯಿಲಿನ ಕಲೆ.
“ಮಾರಿ ಎಂಟು ವರ್ಷ,” ಅಂದ, “ಕಣ್ಣು ಮಂಜು.”
“ಹಾಗಾದರೆ ಈ ಖರ್ಚು ಯಾಕೆ?
ನಾಲ್ಕು ಬೋಲ್ಟು ಜಡಿದು ಹೋಗುತ್ತೇನೆ,
ಗೋಡೆ ಅಂದುಕೊಳ್ಳಿ. ಪಕ್ಕದ ಬಾಗಿಲಿದೆಯಲ್ಲ.”
“ಹಾಕು ಸ್ಪ್ರಿಂಗು.”

ಮೇಲಿನ ಹಲಗೆಯಲ್ಲಿ ಯಾರೋ ಪೆನ್ಸಿಲಿನಲ್ಲಿ
ಬರೆದಿಟ್ಟ ತಾರೀಖು: ಹನ್ನೆರಡು ವರ್ಷ ಹಿಂದಿನದು.
ಹತ್ತು ಸಾವಿರ ಸಲ ಏರಿಳಿದರೆ ಇದರ ಆಯಸ್ಸು ತೀರಿತು.
ಕಾರಿಲ್ಲದವನು ಅಷ್ಟು ಸಲ
ಏನನ್ನು ಒಳಕ್ಕೆ ಬಿಟ್ಟುಕೊಂಡ,
ಏನನ್ನು ಹೊರಕ್ಕೆ ಕಳಿಸಿದ?

ಸಾಮಾನು ತರಲು ವ್ಯಾನಿಗೆ ಹೋದೆ.
ಎದುರು ಮನೆಯ ಹ್ರಿಟ್ಸಾಕ್ ಬಯಲಲ್ಲಿ ನಿಂತು
ಆಗಲೇ ಬರಿದಾದ ಕಾಂಕ್ರೀಟನ್ನು ಸಲಿಕೆಯಿಂದ ಕೆರೆಯುತ್ತಿದ್ದ.
ಬೆನ್ನ ಹಿಂದೆ ಅವನ ಬಾಗಿಲು ಪೂರಾ ತೆರೆದು,
ಹಳದಿ ಬಲ್ಬು ಚಳಿಗೆ ಉರಿಯುತ್ತಿತ್ತು.
ನವೆಂಬರಿನಲ್ಲಿ ಆ ಸ್ಪ್ರಿಂಗು ಹಾಕಿದವಳೂ ನಾನೇ.
ಅಲ್ಲೂ ಕಾರಿರಲಿಲ್ಲ.
ಮುಖ ಎತ್ತದೆ ಕೇಳಿದ, “ಏನಾಗಿದೆ ಅಲ್ಲಿ?”
“ಸ್ಪ್ರಿಂಗು.”
“ಬರೀ ಸ್ಪ್ರಿಂಗಾ?”
“ಬರೀ ಸ್ಪ್ರಿಂಗು.”
ಸಲಿಕೆ ನಿಂತಿತು. ಉಸಿರು ಹಬೆಯಾಗಿ ಮೇಲೆ ಹೋಯಿತು.
“ನಾನು ಕೇಳಿದೆ ಅಂತ ಅವನಿಗೆ ಹೇಳಬೇಡ.”

ಸರಳು ತೂರಿಸಿ ಕಾಲು ಕಾಲು ಸುತ್ತು ಬಿಗಿಯುತ್ತಿದ್ದೆ.
ಮೂವತ್ತು ಆಗಬೇಕು. ನಡುವೆ ಮಾತಾಡಬಾರದು.
ಲೆಕ್ಕ ತಪ್ಪಿದರೆ ಬಾಗಿಲು ಕೆಡುತ್ತದೆ, ಕೈ ತಪ್ಪಿದರೆ ಮಣಿಕಟ್ಟು.
ಹದಿನೇಳಕ್ಕೆ ಕಂಗಾಸ್ ಶುರುಮಾಡಿದ:
“ಹಿಮ ತಳ್ಳುವ ಯಂತ್ರ ಒಯ್ದ. ಮುರಿದು ತಂದಿಟ್ಟ.
ಒಂಬತ್ತು ವರ್ಷ, ಮಾತಿಲ್ಲ.”
ಇಪ್ಪತ್ತೊಂದು.
“ಬೆಳಗ್ಗೆ ಏಳಕ್ಕೆ ಬಾಗಿಲು ಎತ್ತುತ್ತೇನೆ.
ರಾತ್ರಿ ಒಂಬತ್ತಕ್ಕೊಮ್ಮೆ. ಗಾಳಿಯಾಡಲಿ ಅಂತ.”
ಇಪ್ಪತ್ತಾರು.
“ಅವನೂ ಎತ್ತುತ್ತಾನೆ. ಅದು ಅವನಿಷ್ಟ.”
ಮೂವತ್ತು. ತಿರುಪು ಬಿಗಿದೆ.

ಒಂದೇ ಕೈಗೆ ಎದ್ದಿತು ಬಾಗಿಲು, ಗರಿಯಂತೆ.
ಹನ್ನೊಂದೂ ಕಾಲು ಗಂಟೆಯ ಬಿಳಿ ಬೆಳಕು
ಕುರ್ಚಿಯವರೆಗೆ ಬಂತು.
ರಸ್ತೆಯಾಚೆ ಹ್ರಿಟ್ಸಾಕ್ ಸಲಿಕೆ ಒರಗಿಸಿ
ಒಳಗೆ ಹೋದ. ಅವನ ಬಾಗಿಲು ಇಳಿಯಿತು.

ನೋಟು ಎಣಿಸಿ ಕೊಡುತ್ತಾ ಕಂಗಾಸ್ ಕೇಳಿದ:
“ಇಪ್ಪತ್ತು ಸಾವಿರ ಸಲ ಬಾಳುವುದೂ ಸಿಗುತ್ತಂತಲ್ಲ?”
“ಸಿಗುತ್ತೆ. ಅರವತ್ತು ಜಾಸ್ತಿ. ಮೊದಲೇ ಹೇಳಬೇಕಿತ್ತು ನಾನು.”
ಮಂಜುಗಣ್ಣಲ್ಲಿ ರಸ್ತೆಯಾಚೆ ನೋಡಿದ,
ತುಟಿಯಲ್ಲೇ ಏನೋ ಕೂಡಿದ, ಕಳೆದ.
“ಬಿಡು,” ಅಂದ,
“ನಮ್ಮಿಬ್ಬರಿಗೆ ಹತ್ತು ಸಾಕು.”