ನಾಲ್ಕು ಸೆಕೆಂಡು ಮೌನ

ಗೋಡೆಯಾಚೆ ಅವಳು ಹೇಳುತ್ತಾಳೆ:
"ದೇ. ಮೂರನೇ ತಂತಿ."
ಹೇಳಿ, ನಾಲ್ಕು ಸೆಕೆಂಡು ಸುಮ್ಮನಾಗುತ್ತಾಳೆ.
ಅಷ್ಟರೊಳಗೆ ನನ್ನ ಗಂಡ
ತನಗಿಂತ ಎತ್ತರದ ಡಬಲ್ ಬಾಸಿನ ಕತ್ತಿನ ಮೇಲೆ
ಜಾಗ ಹುಡುಕಿ, ಒತ್ತಿ, ಮೀಟಿ,
ತಪ್ಪಿದರೆ ಗೊಣಗಿ ಮತ್ತೆ ಮೀಟಬೇಕು.
"ಗೇ. ನಾಲ್ಕನೇ ತಂತಿ."

ಅವಳು ಅಂದೆ; ಹೆಂಗಸೇನಲ್ಲ.
ತಾಯ್ಸ್ಟೊ ತಾನೇ ಕೂತು ಬರೆದ ಇಪ್ಪತ್ತು ಸಾಲಿನ ಕೋಡು.
ಕೊಕ್ಕೊಲಾದಲ್ಲಿ ಬಸ್ಸು ಓಡಿಸುವವನಿಗೆ
ಐವತ್ತೆಂಟಕ್ಕೆ ತಲೆಯ ಮೇಲೆ ಕೋಡು ಮೂಡಿದೆ
ಅಂತ ಆಸ್ಪತ್ರೆಯ ಲಾಂಡ್ರಿಯಲ್ಲಿ ನಾನು ಹೇಳಿದಾಗ
ಸಿರ್ಕಾ ನಕ್ಕು ನಕ್ಕು
ಇಸ್ತ್ರಿಯಾದ ದಿಂಬಿನ ಚೀಲಗಳನ್ನೆಲ್ಲ ಕೆಳಗೆ ಬೀಳಿಸಿದಳು.

ಸ್ವರಕ್ಕೊಂದು ದನಿಯ ಫೈಲು, ತಂತಿಗೊಂದು ಫೈಲು,
ಮೌನಕ್ಕೂ ಒಂದು.
ಎಲ್ಲಕ್ಕಿಂತ ದೊಡ್ಡದು ಅದೇ, ಅಂದ.
ಏನೂ ಇಲ್ಲದ್ದು ಅಷ್ಟು ಜಾಗ ಹಿಡಿಯುತ್ತದೆಯೇ, ಎಂದೆ.
ಖಾಲಿ ಬಸ್ಸೂ ರಸ್ತೆಯಲ್ಲಿ ಅಷ್ಟೇ ಉದ್ದ, ಅಂದ.

ಇಸ್ಪೀಟಿನ ಕಟ್ಟಿನಂತೆ ಯಂತ್ರ ಕಲಸಿ ಕೊಡುತ್ತದೆ.
ಮುಂದಿನದು ಯಾವುದು, ಬರೆದವನಿಗೂ ಗೊತ್ತಿಲ್ಲ.
ಮೇಷ್ಟ್ರಿಗಾದರೆ ಕರುಣೆ ಬರುತ್ತದೆ,
ಇವಳಿಗೆ ಬರುವುದಿಲ್ಲ, ಅದೇ ಒಳ್ಳೆಯದು ಅನ್ನುತ್ತಾನೆ.

ಈಚೆ ಕೋಣೆಯಲ್ಲಿ ಕಾಲುಚೀಲ ಹೆಣೆಯುತ್ತ
ಬೇಡವೆಂದರೂ ಕೇಳುತ್ತಿದ್ದೆ.
ಅವಳ ಒಂದು ಮೌನಕ್ಕೆ ನನ್ನ ಮೂರು ಕುಣಿಕೆ.
"ಸೇ." ಮೂರು ಕುಣಿಕೆ. "ಏ." ಮೂರು ಕುಣಿಕೆ.
ಏಳನೆಯ ವಾರವೋ ಎಂಟನೆಯದೋ,
ಹಿಮ್ಮಡಿ ತಿರುಗಿಸುವಾಗ ಹೊಳೆಯಿತು:
ಇವಳು ಒಮ್ಮೆಯೂ "ಹೋ" ಅಂದಿಲ್ಲವಲ್ಲ.

ಬೇರೆಯವರು ಬೀ ಅನ್ನುವ ಸ್ವರಕ್ಕೆ
ನಮ್ಮ ಕಡೆ ಹೋ ಅನ್ನುತ್ತಾರೆ;
ಸಾಲಿನ ಕೊನೆಯದು. ಸ್ಕೂಲಿನಲ್ಲಿ ಕಲಿತದ್ದು ಅಷ್ಟೇ ನೆನಪು.
ಬಾಸಿಗೆ ಅದು ಬೇಡವೇನೋ,
ಕೆಲವು ಬಸ್ಸಿಗೆ ಕೆಲವು ನಿಲ್ದಾಣ ಬೇಡದ ಹಾಗೆ,
ಅಂದುಕೊಂಡು ಸುಮ್ಮನಿದ್ದೆ.
ಅದು ನನ್ನ ತಪ್ಪು. ಒಪ್ಪಿಕೊಳ್ಳುತ್ತೇನೆ.

ಜೂನಿನ ಶನಿವಾರ, ಕೆರೆದಂಡೆಯ ಕುಣಿತದ ಮಂಟಪ.
ಎಂದಿನ ಬಾಸಿನವನಿಗೆ ಸೊಂಟ ಹಿಡಿದು ಇವನ ಪಾಳಿ.
ರಾತ್ರಿ ಹನ್ನೊಂದಾದರೂ ಹೊತ್ತು ಮುಳುಗದೆ
ನೀರಿನ ಮೇಲೆ ಕೂತಿತ್ತು.
ಟ್ಯಾಂಗೋ. ಊರ್ಪೊ ಅಕಾರ್ಡಿಯನ್ನಿನ ತಿದಿ ಎಳೆದು
ತಿರುವಿಗೆ ಬಂದ.
ಹೋ ಬೇಕಾದಲ್ಲಿ ನನ್ನವನ ಬೆರಳು
ಕತ್ತಲಲ್ಲಿ ಸ್ವಿಚ್ಚು ಹುಡುಕಿದಂತೆ ತಡಕಾಡಿತು.
ಅರ್ಧ ಹೆಜ್ಜೆಯಷ್ಟೇ.
ಎಂಬತ್ತು ಜೋಡಿ ಕಾಲಲ್ಲಿ ಒಂದೂ ಎಡವಲಿಲ್ಲ.
ಅವನು ಮಾತ್ರ ತಲೆಯೆತ್ತಿ ನನ್ನ ಕಡೆ ನೋಡಿದ.

ವಾಪಸು ಬರುವಾಗ ಹೇಳಿದೆ. ಕಾರು ರಸ್ತೆಬದಿಗೆ ನಿಂತಿತು.
"ಎಂದಿನಿಂದ ಗೊತ್ತಿತ್ತು ನಿನಗೆ?"
"ಹಿಮ್ಮಡಿಯಿಂದ."

ಬೂಟೂ ಬಿಚ್ಚದೆ ಪರದೆಯ ಮುಂದೆ ಕೂತ.
ಪಟ್ಟಿಯಲ್ಲಿ ಏಳೂ ಇದ್ದವು.
ಹೋ ಇತ್ತು, ಕೊನೆಯಲ್ಲಿ, ನೆಟ್ಟಗೆ.
ಆದರೆ ಯಂತ್ರ ಸೊನ್ನೆಯಿಂದ ಎಣಿಸುತ್ತದಂತೆ;
ಆರರವರೆಗೆ ಅಂದರೆ
ಆರರ ಹೊಸ್ತಿಲಲ್ಲೇ ತಿರುಗಿಬಿಡುತ್ತದಂತೆ.
ಆರನ್ನು ಅಳಿಸಿ ಏಳು ಮಾಡಿದ. ಆಯಿತು.
ಹನ್ನೊಂದು ವಾರ ಅದು ಬಾಗಿಲಾಚೆ ನಿಂತಿತ್ತು
ಕೈಯಲ್ಲಿ ಟಿಕೆಟ್ಟು ಹಿಡಿದು.

ಮೊದಲ ಸಲ ಬಂದಾಗ ಬೆಚ್ಚಿದೆ:
ಕಿಟಕಿಯ ಗಾಜಿಗೆ ಯಾರೋ ಬಾಯಿಟ್ಟು ಊದಿದ ಹಾಗೆ, "ಹೋ."
ಕೈ ಪಳಗಲಿ ಅಂತ ಅದನ್ನೇ ಮೂರು ಸಲ ಪಟ್ಟಿಗೆ ಸೇರಿಸಿದ.
ಈಗ ಮನೆ ತುಂಬ ಹೋ, ಹೋ.
ದನ ಹೊಡೆಯುವವರ ಮನೆಯಾಯಿತಲ್ಲ, ಎಂದೆ.
ಕೇಳಿಸಲಿಲ್ಲ ಅವನಿಗೆ. ಮೌನ ಕತ್ತರಿಸುತ್ತಿದ್ದ:
ನಾಲ್ಕು ಹೆಚ್ಚಾಯಿತು, ಮೂರು ಸಾಕು.

ಹಾಗಾಗಿ ಎರಡನೆಯ ಕಾಲುಚೀಲ ಬಿಗಿ.
ನೂಲು ಅದೇ, ಕಡ್ಡಿ ಅದೇ, ಕುಣಿಕೆಯ ಲೆಕ್ಕವೂ ಅದೇ.
ಬಿಚ್ಚಿ ಹೆಣೆಯಲೇ ಅಂದರೆ ಬೇಡವೆಂದ.
ಬಿಗಿಯದನ್ನು ಬಲಗಾಲಿಗೆ ಎಳೆದುಕೊಂಡು,
ಬ್ರೇಕು ಒತ್ತುವುದು ಇದೇ ತಾನೇ ಅನ್ನುತ್ತ
ನಸುಕಿನ ಬಸ್ಸಿಗೆ ಹೊರಟ.