ಮಾಳಿಗೆ ಮೇಲಿನ ಗಾಡಿಗಳು

ವರ್ಷಗಟ್ಟಲೆ ತಿರುಗಬೇಕೆಂದರೆ, ಅದರಲ್ಲೇ ಉಂಡು
ಅದರಲ್ಲೇ ಮಲಗಬೇಕೆಂದರೆ
ಎಂಥ ಗಾಡಿ ಬೇಕು? ಕೇಳಿದೆ.
ಪಾಲಯ್ಯ ಉತ್ತರ ಹೇಳಲಿಲ್ಲ, ಟೇಪು ತಂದ.
ಸರ್ವೆ ಆಫೀಸಿನಲ್ಲಿ ಮೂವತ್ತೊಂದು ವರ್ಷ
ಕಂಡವರ ಹೊಲಕ್ಕೆ ಸರಪಳಿ ಹಿಡಿದವನು;
ಅಳೆಯದೆ ಅನ್ನವನ್ನೂ ನಂಬುವುದಿಲ್ಲ.

ಮಾಳಿಗೆ ಮೇಲೆ, ಹಪ್ಪಳ ಒಣಗುವ ಜಾಗದಲ್ಲಿ
ಸೀಮೆಸುಣ್ಣದಿಂದ ಮೊದಲು ಗೀಚಿದ್ದು ಓಮ್ನಿ:
ಹನ್ನೊಂದಡಿ ಉದ್ದ, ಅಗಲ ಐದಡಿಗೂ ಆರು ಬೆರಳು ಕಮ್ಮಿ.
ಒಳಗೆ ಕೂತೆವು. ಕೂತೇ ಇದ್ದೆವು.
ನಾನು ಏಳಬೇಕಾದರೆ ಅವನು ಇಳಿಯಬೇಕು,
ಅವನು ಮಗ್ಗುಲು ಬದಲಿಸಿದರೆ ಸ್ಟೌವು ಉರುಳಬೇಕು.
ಮುನಿಸಿಕೊಂಡು ಬೆನ್ನು ತಿರುಗಿಸಲಿಕ್ಕೂ
ಇನ್ನೊಬ್ಬರ ಒಪ್ಪಿಗೆ ಬೇಕು.
ಒರೆಸು, ಅಂದೆ. ಒದ್ದೆ ಬಟ್ಟೆಯಲ್ಲಿ ಒರೆಸಿದ.

ಆಮೇಲೆ ಹಳೆಯ ಕಾಲೇಜು ಬಸ್ಸು.
ಮಾಳಿಗೆ ಸಾಲದೆ ಅದರ ಮೂತಿ
ಪಕ್ಕದ ರುದ್ರಾಂಬಮ್ಮನ ಗೋಡೆ ಹತ್ತಿತು.
ಮಂಚ, ಕಪಾಟು, ಬಚ್ಚಲು, ನೆಂಟರು ಬಂದರೊಂದು ಸೋಫಾ,
ಮನೆಯಲ್ಲಿರುವುದೆಲ್ಲ ಇತ್ತು,
ಕಸ ಗುಡಿಸುವುದೂ ಇತ್ತು.
ಈ ಮನೆ ಬಿಟ್ಟು ಆ ಮನೆಗೆ ಯಾಕೆ?
ಅಲ್ಲದೆ ಅದನ್ನು ನಮ್ಮ ಓಣಿಯ ಮೂಲೆಯಲ್ಲಿ
ಹೊರಳಿಸಬಲ್ಲವನು ಇನ್ನೂ ಹುಟ್ಟಿಲ್ಲ.

ಜೀಪಿನ ಹಿಂದೆ ಎಳೆಯುವ ಡಬ್ಬಿಯದೂ ಆಯಿತು.
ಹಿಂದಕ್ಕೆ ತೆಗೆಯುವಾಗ ಎಡಕ್ಕೆ ಅಂದರೆ ಬಲಕ್ಕೆ ಹೋಗುತ್ತದಂತೆ.
ಅಂಥದೊಂದನ್ನು ಆಗಲೇ ಕಟ್ಟಿಕೊಂಡಿದ್ದೀನಲ್ಲ, ಅಂದೆ.
ಮೀಸೆಯಲ್ಲಿ ಸುಣ್ಣ ಇಟ್ಟುಕೊಂಡು ನಕ್ಕ.

ರಾತ್ರಿ ಅರೆಬರೆ ಅಳಿಸಿದ ಗೆರೆಗಳ ನಡುವೆಯೇ ಚಾಪೆ.
ನಿದ್ದೆಯಲ್ಲಿ ಪಾಲಯ್ಯ ಗೆರೆ ದಾಟಿ ಉರುಳಿದ;
ರಸ್ತೆಗೆ ಬಿದ್ದೆ, ಏಳು, ಅಂತ ಎಬ್ಬಿಸಿದೆ.
ಜೋಗಿಮಟ್ಟಿ ಕಡೆ ಗಾಳಿಯಂತ್ರಗಳ ಕೆಂಪು ದೀಪ
ಹೊತ್ತಿತು, ಆರಿತು, ಹೊತ್ತಿತು.
ಆ ಕೆಂಪಿನ ಪರಿಚಯ ನನಗೆ ಹಳೆಯದು.
ಯಾಕೆ ನೆನಪಾಯಿತೆಂದು ಆಗ ತಿಳಿಯಲಿಲ್ಲ.

ಮುಂದಿನ ವಾರ ದಾವಣಗೆರೆ, ದಸ್ತಗೀರ್ ಸಾಬರ ಶೆಡ್ಡು.
ಲಾರಿಗಳ ಅಸ್ಥಿಪಂಜರ ದಾಟಿ ತೀರಾ ಹಿಂದೆ,
ಹೂಜಿಗದ ನೆರಳಲ್ಲ, ಬರೀ ತಗಡಿನ ನೆರಳಲ್ಲಿ
ಒಂದು ಆಂಬುಲೆನ್ಸು.
ಹರಾಜಲ್ಲಿ ಬಂದದ್ದು, ಯಾರೂ ಕೇಳ್ತಿಲ್ಲಮ್ಮ,
ಹೆಣ ಹೊತ್ತ ಗಾಡೀಲಿ ಮಲಗೋರು ಯಾರು?

ಹತ್ತಿದೆ. ಮೆಟ್ಟಿಲು ಎಷ್ಟೆತ್ತರವೆಂದು ಕಾಲಿಗೆ ಗೊತ್ತಿತ್ತು.
ಕೈ ತಾನಾಗಿ ಮೇಲಿನ ಸರಳು ಹಿಡಿಯಿತು.
ಹದಿನೇಳು ವರ್ಷ ದುರ್ಗದ ಆಸ್ಪತ್ರೆಯಿಂದ ಇದೇ ಊರಿಗೆ
ಇಂಥದರಲ್ಲೇ ನಿಂತು ಬಂದವಳು ನಾನು,
ಒಂದು ಕೈಯಲ್ಲಿ ಗ್ಲೂಕೋಸ್ ಬಾಟಲಿ,
ಇನ್ನೊಂದರಲ್ಲಿ ಯಾರದೋ ನಾಡಿ.
ಹೆಣವಷ್ಟೇ ಅಲ್ಲ ಸಾಬರೇ,
ಆನಗೋಡು ದಾಟುವಾಗ ಹುಟ್ಟಿದ ಮೂರು ಕೂಸುಗಳೂ
ಲೆಕ್ಕದಲ್ಲಿವೆ.

ಪಾಲಯ್ಯ ಟೇಪು ಬಿಚ್ಚಿದ.
ನಿನ್ನ ತಲೆಯ ಮೇಲೆ ಒಂದು ಗೇಣು, ಅಂದ.
ಮಂಡಿನೋವಿನವಳು ಬಾಗದೆ ಬೇಳೆ ಬೇಯಿಸಬಹುದು.
ಸ್ಟ್ರೆಚರಿನ ಜಾಗಕ್ಕೆ ಮಂಚ, ಅದರಡಿ ನೀರಿನ ಕ್ಯಾನು,
ಆಕ್ಸಿಜನ್ ಇಡುತ್ತಿದ್ದ ಪೆಟ್ಟಿಗೆಗೆ ಅಕ್ಕಿ.
ಮುನಿಸಿಗೆ ಮುಂದಿನ ಸೀಟು.
ಬಾಟಲಿ ತೂಗುವ ಕೊಕ್ಕೆ ಮಾತ್ರ ಬಿಡಿ, ಈರುಳ್ಳಿ ಚೀಲಕ್ಕಾಯಿತು.
ಸೈರನ್ನು?
ಬಿಚ್ಚಿ.
ಬಿಚ್ಚಿದ ಕಡೆ ಬಿಸಿಲು ಕಾಣದ ಬಿಳುಪು
ಒಂದು ತಟ್ಟೆಯಷ್ಟು ಉಳಿಯಿತು.

ಮೊದಲು ಎಲ್ಲಿಗೆ? ಕಾರವಾರವೋ, ಕನ್ಯಾಕುಮಾರಿಯೋ?
ಪಾಲಯ್ಯ ನಕಾಶೆ ಹರಡಿ ಸ್ಕೇಲು ಇಟ್ಟಿದ್ದ.
ಭರಮಸಾಗರ, ಅಂದೆ.
ಅದೇನು, ಇಲ್ಲೇ ದಾರೀಲಿ, ಅರ್ಧ ಗಂಟೆ.
ಹೌದು. ಎಷ್ಟು ಸಾವಿರ ಸಲ ದಾಟಿದೆನೋ,
ಒಂದು ಸಲವೂ ಇಳಿಯಲಿಲ್ಲ.
ರಸ್ತೆ ಪಕ್ಕ ಒಂದು ಟೀ ಅಂಗಡಿಯಿದೆ,
ಹೊಗೆಯನ್ನಷ್ಟೇ ಕಂಡಿದ್ದೇನೆ.
ಅಲ್ಲಿ ಕೊಡುವುದು ಗಾಜಿನ ಲೋಟವೋ ಸ್ಟೀಲಿನದೋ
ನೋಡಬೇಕು.